ಬೆಳಕು ಬಿದ್ದಲ್ಲೇ ಮದ್ದು

2021ರ ಮೇ ತಿಂಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ಕಪ್ಪು ಶಿಲೀಂಧ್ರದ ರೋಗಿಗಳು ಬರತೊಡಗಿದಾಗ ಊರಿನವರೆಲ್ಲ ಹುಡುಕಾಡಿದ್ದು ಒಂದೇ ಇಂಜೆಕ್ಷನ್‌ಗಾಗಿ: ಲೈಪೋಸೋಮಲ್ ಆಂಫೊಟೆರಿಸಿನ್-ಬಿ. ಮೂತ್ರಪಿಂಡವನ್ನು ಹಾಳುಗೆಡವುತ್ತಿದ್ದ ಹಳೆಯ ಔಷಧವದು. ಕೊಬ್ಬಿನ ಅಣುಗಳ ಪೊರೆಯಲ್ಲಿ ಸೇರಿಸಿ ಕೊಟ್ಟಾಗ ಅದರ ಕಾಟ ಬಹಳಷ್ಟು ಇಳಿಯಿತು.

ಇಂಥ ಪೊರೆಯ ಪುಟ್ಟ ಚೀಲಗಳೇ ಲೈಪೋಸೋಮ್‌ಗಳು. ಕೀಮೋದಲ್ಲಿ ಬಳಸುವ, ಕಡುಗೆಂಪು ಬಣ್ಣದ ಡಾಕ್ಸೊರುಬಿಸಿನ್ ಔಷಧವೂ 1995ರಲ್ಲಿ ಇದರೊಳಗೆ ಕೂತು ಅಮೆರಿಕದ ಮಾರುಕಟ್ಟೆಗೆ ಬಂತು. ಒಂದೊಂದು ಚೀಲದ ಗಾತ್ರ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಆ ಔಷಧದಿಂದ ಹೃದಯಕ್ಕೆ ಆಗುತ್ತಿದ್ದ ಹಾನಿ ತಗ್ಗಿತು, ನಿಜ. ಆದರೆ ದಾರಿಯಲ್ಲಿ ಸೋರದಷ್ಟು ಬಿಗಿಯಾದ ಚೀಲ ಕ್ಯಾನ್ಸರ್ ಗೆಡ್ಡೆಯನ್ನು ತಲುಪಿದ ಮೇಲೂ ಬೇಗ ಬಾಯಿ ಬಿಡದು. ಮುಚ್ಚಿಡುವುದು ಸಾಧ್ಯವಾಯಿತು, ಬೇಕಾದಲ್ಲಿ ತೆರೆಯುವುದೇ ಕಷ್ಟವಾಯಿತು.

ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಜೊನಾಥನ್ ಲೊವೆಲ್ ತಂಡ 2014ರಲ್ಲಿ ತೋರಿಸಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಪೊರೆಯ ಕೊಬ್ಬಿನ ಅಣುವಿಗೇ ಅವರು ಪಾರ್ಫಿರಿನ್ ಜೋಡಿಸಿದರು. ಪಾರ್ಫಿರಿನ್ ಎಂದರೆ ನಮ್ಮ ರಕ್ತದ ಹೀಮ್, ಎಲೆಯ ಹರಿತ್ತು ಇವುಗಳ ಬಳಗದ್ದು. ಬೆಳಕನ್ನು ಚೆನ್ನಾಗಿ ಹೀರುತ್ತದೆ. 665 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಬಿದ್ದಾಗ ಅದು ಸುತ್ತಲಿನ ಆಮ್ಲಜನಕವನ್ನು ಕೆರಳಿಸುತ್ತದೆ. ಆ ಆಮ್ಲಜನಕ ಪೊರೆಯಲ್ಲಿನ ಅಪರ್ಯಾಪ್ತ ಕೊಬ್ಬಿನ ಮೇಲೆ ಎರಗುತ್ತದೆ. ಅಡುಗೆ ಎಣ್ಣೆ ಕಮಟು ಹಿಡಿಯುವುದೂ ಹೆಚ್ಚುಕಡಿಮೆ ಹೀಗೆಯೇ, ಅಲ್ಲಿ ವಾರಗಟ್ಟಲೆ ನಡೆಯುವುದು ಇಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ಪೊರೆ ಸಡಿಲಾಗಿ ಔಷಧ ಹೊರಬರುತ್ತದೆ, ಬೆಳಕು ಬಿದ್ದ ಜಾಗದಲ್ಲಿ ಮಾತ್ರ.

ಕೆಂಪು ಬೆಳಕೇ ಏಕೆ? ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಚ್ಚಿ ಅಂಗೈಯಿಂದ ಮುಚ್ಚಿ ನೋಡಿ. ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಬಿಳಿ ಬೆಳಕಿನ ನೀಲಿ, ಹಸಿರು ಪಾಲನ್ನು ರಕ್ತ ನುಂಗಿಬಿಡುತ್ತದೆ, ಕೆಂಪು ಮಾತ್ರ ದಾಟಿ ಬರುತ್ತದೆ. ಅದೂ ಮಾಂಸದೊಳಗೆ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್‌ನಷ್ಟು. ಯಕೃತ್ತಿನ ಆಳದ ಗೆಡ್ಡೆಗೆ ಬೆಳಕು ಮುಟ್ಟಿಸಬೇಕಾದರೆ ಸೂಜಿಯ ಮೂಲಕ ಆಪ್ಟಿಕಲ್ ಫೈಬರ್ ಇಳಿಸಲೇಬೇಕು.

ಕಣ್ಣಿಗೆ ಆ ತೊಡಕಿಲ್ಲ. 2000ದಲ್ಲಿ ಅಮೆರಿಕದಲ್ಲಿ ಮಂಜೂರಾದ ಕಣ್ಣಿನ ಔಷಧ ವರ್ಟೆಪೊರ್ಫಿನ್ ಕೂಡ ಲೈಪೋಸೋಮ್ ರೂಪದ್ದೇ. ರಕ್ತನಾಳಕ್ಕೆ ಹನಿಸಲು ಶುರುಮಾಡಿದ 15 ನಿಮಿಷಕ್ಕೆ ಅಕ್ಷಿಪಟಲದ ಮೇಲೆ 83 ಸೆಕೆಂಡು ಲೇಸರ್ ಹಾಯಿಸುತ್ತಾರೆ. ಇಲ್ಲಿ ಬೆಳಕು ಚೀಲವನ್ನು ತೆರೆಯುವುದಿಲ್ಲ, ಔಷಧವನ್ನೇ ಚುರುಕುಗೊಳಿಸುತ್ತದೆ. ಆಮೇಲೆ ಐದು ದಿನ ರೋಗಿ ಬಿಸಿಲಿಗೆ ಬರುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿಯವರ ತಂಡವೂ ಕತ್ತಲಲ್ಲಿ ತೆಪ್ಪಗಿದ್ದು ಬೆಳಕಿನಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಲೋಹಸಂಯುಕ್ತಗಳ ಮೇಲೆ ಕೆಲಸ ಮಾಡಿದೆ.

ಬೆಳಕು ಸುಲಭವಾಗಿ ತಲುಪುವ ಇನ್ನೊಂದು ಜಾಗ ಬಾಯಿ. ಭಾರತದ ಗಂಡಸರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್‌ಗಳಲ್ಲಿ ಬಾಯಿಯದೂ ಒಂದು. ಅಲಿಗಢದಲ್ಲಿ ಆರಂಭದ ಹಂತದ ಬಾಯಿ ಕ್ಯಾನ್ಸರಿಗೆ ಬ್ಯಾಟರಿಯಿಂದ ಉರಿಯುವ ಅಗ್ಗದ ಎಲ್‌ಇಡಿ ಬಳಸಿ ಬೆಳಕಿನ ಚಿಕಿತ್ಸೆ ಪ್ರಯೋಗಿಸಿದ್ದಾರೆ, ಲೈಪೋಸೋಮ್ ಇಲ್ಲದೆ. ಬೆಳಕಿಗೆ ತೆರೆಯುವ ಚೀಲಗಳನ್ನು ನಮ್ಮ ದೇಶದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಈ ಕಾಯಿಲೆಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕಿತ್ಸೆ ಯಾವುದೇ ಇರಲಿ, ಗೆಡ್ಡೆ ತೆಳುವಾಗಿದ್ದಾಗಲೇ ಸಿಗಬೇಕು. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದರೂ ತಂಬಾಕು ಅಗಿಯುವ ಚಟ ಹೋಗಿಲ್ಲ. ಬೆಂಗಳೂರಿನ ಲಗ್ಗೆರೆಯಿಂದ ಪೀಣ್ಯಕ್ಕೆ ಶಿಫ್ಟ್ ಕೆಲಸಕ್ಕೆ ಹೋಗುವ ಅಣ್ಣತಮ್ಮಂದಿರಲ್ಲಿ ನನ್ನ ಕಳಕಳಿಯ ವಿನಂತಿ: ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ಹಲ್ಲಿನ ವೈದ್ಯರಿಗೋ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ತೋರಿಸಿ.