ನೀರು ಬಸಿದ್ರೇನ್ರೋ?

ಮೊದಲು ನಮ್ಮ ಸೋಲಿನ ಕಥೆ ಹೇಳಿಬಿಡ್ತೀವಿ. ಮನೆಯಿಂದ ತಂದಿದ್ದ ಉಪ್ಪಿನಕಾಯಿ ಮುಗಿದಿತ್ತು. ಆ ಗಾಜಿನ ಬಾಟಲಿ ತೊಳೆದು, ಹೆಸರುಕಾಳು ಹಾಕಿ, ನೀರು ತುಂಬಿಸಿ, ಮುಚ್ಚಳ ಬಿಗಿದು ಇಂಟರ್ನಲ್ಸ್ ಗಲಾಟೆಯಲ್ಲಿ ಮರೆತೇಬಿಟ್ಟೆವು. ಮೂರನೇ ದಿನ ಮುಚ್ಚಳ ತೆಗೆದಾಗ ಇಡೀ ಕಾರಿಡಾರ್ ಮೂಗು ಮುಚ್ಚಿಕೊಂಡಿತು! ನಮ್ಮಲ್ಲೊಬ್ಬನ ಅಮ್ಮನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಬಸಿದ್ರೇನ್ರೋ?"

ಬಸಿದಿರಲಿಲ್ಲ. ಮೊಳಕೆಯ ವಿಜ್ಞಾನವೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಒಣ ಕಾಳು ಸತ್ತಿರೋದಿಲ್ಲ, ನಿದ್ದೆಯಲ್ಲಿರುತ್ತೆ. ನೀರು ಒಳಗೆ ಹೋದ ಕೂಡಲೇ ಕಿಣ್ವಗಳು ಕೆಲಸ ಶುರು ಮಾಡುತ್ತವೆ. ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಎಳೆ ಬೇರಿಗೆ ಕೊಡುತ್ತವೆ. ಈ ಹೊತ್ತಿನಲ್ಲಿ ಕಾಳು ಜೋರಾಗಿ ಉಸಿರಾಡುತ್ತದೆ, ಆಮ್ಲಜನಕ ಬೇಕು. ನೀರಲ್ಲೇ ಮುಳುಗಿಸಿಟ್ಟರೆ ಕಾಳಿಗೆ ಉಸಿರು ಕಟ್ಟುತ್ತೆ, ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡೋದು ಇದಕ್ಕೇ: ತೇವವೂ ಇರಬೇಕು, ಗಾಳಿಯೂ ಆಡಬೇಕು. ಬಾಟಲಿ ಆ ಗಂಟಿನದೇ ಕೆಲಸ ಮಾಡುತ್ತದೆ, ಜೊತೆಗೆ ಒಳಗೇನಾಗ್ತಿದೆ ಅಂತ ಕಾಣಿಸುತ್ತದೆ.

ಈಗ ನಾವು ಮಾಡುವ ಕ್ರಮ ಹೀಗಿದೆ. ಒಂದು ಲೀಟರ್ ಬಾಟಲಿಗೆ ಅರ್ಧ ಲೋಟ ಹೆಸರುಕಾಳು ಸಾಕು, ಉಬ್ಬಲು ಜಾಗ ಬೇಕಲ್ಲ. ಕಲ್ಲು, ಒಡಕು ಆರಿಸಿ, ಚೆನ್ನಾಗಿ ತೊಳೆದು, ರಾತ್ರಿ ನೆನೆಹಾಕಿ. ಬಾಯಿಗೆ ತೆಳು ಹತ್ತಿ ಬಟ್ಟೆ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿದು, ಹೊಸ ನೀರಲ್ಲಿ ಜಾಲಾಡಿಸಿ, ಮತ್ತೆ ಬಸಿಯಿರಿ. ಬಾಟಲಿಯನ್ನು ಬಾಯಿ ಕೆಳಗೆ ಬರುವಂತೆ ಓರೆಯಾಗಿ ತಟ್ಟೆಯಲ್ಲಿ ನೆರಳಲ್ಲಿಡಿ. ಬೆಳಿಗ್ಗೆ, ಸಂಜೆ ಹೀಗೇ ತೊಳೆದು ಬಸಿಯಿರಿ. ಬೇಸಿಗೆಯಲ್ಲಿ ಇನ್ನೊಂದು ಸಲ ಹೆಚ್ಚಿಗೆ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಮಡಕೆಕಾಳು, ಹುರುಳಿಕಾಳಿಗೂ ಇದೇ ದಾರಿ. ಹುರುಳಿಗೆ ತಾಳ್ಮೆ ಸ್ವಲ್ಪ ಜಾಸ್ತಿ ಬೇಕು. ಹೆಸರುಬೇಳೆ ತಂದು ಕಾಯುತ್ತಾ ಕೂರಬೇಡಿ. ಬೇಳೆ ಒಡೆಯುವಾಗಲೇ ಮೊಳೆಯುವ ಭಾಗ ಹಾಳಾಗಿರುತ್ತೆ. ಬಿತ್ತನೆ ಬೀಜವಂತೂ ಬೇಡವೇ ಬೇಡ, ಅದಕ್ಕೆ ಔಷಧಿ ಸವರಿರಬಹುದು.

ಜಿಮ್ ಗೆಳೆಯರಿಗೊಂದು ಮಾತು: ಮೊಳಕೆ ಬರಿಸಿದರೆ ಪ್ರೋಟೀನ್ ಹೆಚ್ಚುತ್ತೆ ಅನ್ನೋದು ತಪ್ಪು ಲೆಕ್ಕ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್. ಉದ್ದಕ್ಕೆ ಬೆಳೆದ 100 ಗ್ರಾಂ ಮೊಳಕೆಯಲ್ಲಿ ಸುಮಾರು 3 ಗ್ರಾಂ. ಪ್ರೋಟೀನ್ ಓಡಿಹೋಗಿಲ್ಲ, ನೀರಿನ ತೂಕ ಸೇರಿದೆ ಅಷ್ಟೇ. ನಿಜವಾದ ಲಾಭ ಬೇರೆ. ವಿಟಮಿನ್ ಸಿ ಹೆಚ್ಚುತ್ತದೆ. ಕಬ್ಬಿಣ, ಸತುವನ್ನು ಮೈಗೆ ಹತ್ತದಂತೆ ತಡೆಯುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಮೊಳಕೆಗೆ ಹಿತವಾದ ಬೆಚ್ಚನೆಯ ತೇವ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ರೋಗಾಣು ಬೀಜದ ಜೊತೆಗೇ ಬಂದಿದ್ದರೆ ನಾವೆಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ವಾಸನೆ ಬಂದರೆ, ಲೋಳೆಯಾದರೆ ಯೋಚಿಸದೆ ಎಸೆಯಿರಿ. ಆದರೆ ವಾಸನೆ ಇಲ್ಲ ಅಂದಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ. ಅದಕ್ಕೇ ನಾವು ಹಸಿಯಾಗಿ ತಿನ್ನೋದು ಬಿಟ್ಟಿದ್ದೇವೆ. ಬೇಯಿಸಿದರೆ ವಿಟಮಿನ್ ಸಿ ಸ್ವಲ್ಪ ಹೋಗುತ್ತೆ, ಹೋಗಲಿ. ಪರೀಕ್ಷೆ ಹಿಂದಿನ ದಿನ ಹೊಟ್ಟೆ ಕೆಡೋದು ಬೇಡ.

ಯೋಚಿಸಿದರೆ, ನಮ್ಮ ಮನೆಗಳಲ್ಲಿ ಮೊಳಕೆಕಾಳು ಸಾರು, ಪಲ್ಯ, ಉಸಲಿ ಎಲ್ಲವೂ ಬೇಯಿಸಿದ್ದೇ. ಒಗ್ಗರಣೆ ಹಾಕಿ, ನಿಂಬೆಹುಳಿ ಹಿಂಡಿದರೆ ಹೋದ ವಿಟಮಿನ್ ಸಿ ಕೊಂಚ ವಾಪಸ್ ಬಂದೇ ಬರುತ್ತೆ. ರೂಮಲ್ಲಿ ಫ್ರಿಜ್ ಇಲ್ಲದಿದ್ದರೆ ಆವತ್ತಿಗೆ ಬೇಕಾದಷ್ಟೇ ಮಾಡಿ, ಆವತ್ತೇ ಖಾಲಿ ಮಾಡಿ.

ಈ ವಾರ ಒಂದು ಬಾಟಲಿ ಇಟ್ಟು ನೋಡಿ. ಬೆಳಿಗ್ಗೆ ಹಲ್ಲುಜ್ಜೋಕೆ ಹೋಗುವಾಗ ಬಾಟಲಿಯನ್ನೂ ಕೈಯಲ್ಲಿ ಹಿಡ್ಕೊಂಡು ಹೋಗಿ. ನೀರು ಬಸಿಯೋದು ಮಾತ್ರ ಮರೀಬೇಡಿ!