ಫೀಸು ಕಂಪೆನಿಯಿಂದ, ನಂಬಿಕೆ ಅಭ್ಯರ್ಥಿಯಿಂದ

ನಮ್ಮ ಕರಾವಳಿಯಲ್ಲಿ ‘ಕೆಲಸ ಕೊಡಿಸುವುದು’ ಹೊಸ ಸಂಗತಿಯಲ್ಲ. ರಜೆಯಲ್ಲಿ ಊರಿಗೆ ಬಂದ ಮಾವ ತಿರುಗಿ ಹೋಗುವಾಗ ಅಳಿಯನ ಪಾಸ್‌ಪೋರ್ಟ್ ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದರು. ಆರು ತಿಂಗಳಲ್ಲಿ ವೀಸಾ ಬಂದರೆ ಬಂತು, ಬಾರದಿದ್ದರೆ ಮುಂದಿನ ರಜೆ. ಹಾಗೆ ಬಂದ ಒಂದೊಂದು ವೀಸಾದಿಂದ ಎಷ್ಟೋ ಮನೆಗಳ ಹಂಚು ಹೋಗಿ ಟೆರೇಸ್ ಬಂದಿದೆ, ತಂಗಿಯರ ಮದುವೆ ಆಗಿದೆ.

ಈಗ ಆ ಮಾವನ ಜಾಗದಲ್ಲಿ ಲ್ಯಾಪ್‌ಟಾಪ್ ಹಿಡಿದ ನಮ್ಮ ಮಕ್ಕಳು ಕೂತಿದ್ದಾರೆ. ಎಂಬಿಎ ಮುಗಿಸಿದ ಹುಡುಗರು, ಮದುವೆಯಾದ ಮೇಲೆ ಮನೆಯಿಂದಲೇ ಏನಾದರೂ ಮಾಡಬೇಕೆನ್ನುವ ಹೆಣ್ಣುಮಕ್ಕಳು, ಗಲ್ಫ್‌ನಲ್ಲಿ ಎಚ್‌ಆರ್ ವಿಭಾಗದಲ್ಲಿ ದುಡಿದು ವಾಪಸಾದವರು, ಹೀಗೆ ಹಲವರು ಸ್ವತಂತ್ರ ರಿಕ್ರೂಟರ್‌ಗಳಾಗಿದ್ದಾರೆ. ಬಂಡವಾಳ ಕಡಿಮೆ, ಅಂಗಡಿ ಬಾಡಿಗೆ ಇಲ್ಲ. ಒಳ್ಳೆಯ ಕೆಲಸವೇ ಹೌದು. ಆದರೆ ಇದರಲ್ಲಿ ಎಡವಿದರೆ ಬೀಳುವುದು ನಾವೊಬ್ಬರೇ ಅಲ್ಲ, ನಮ್ಮನ್ನು ನಂಬಿ ಇದ್ದ ಕೆಲಸ ಬಿಟ್ಟವನೂ ಬೀಳುತ್ತಾನೆ. ಹಾಗಾಗಿ ಈ ದಾರಿಯಲ್ಲಿ ಸ್ವಲ್ಪ ದೂರ ನಡೆದವರಾಗಿ ನಾವು ಹೊಸಬರಿಗೆ ಕೆಲವು ಮಾತು ಹೇಳಬೇಕೆಂದಿದ್ದೇವೆ.

ಎಲ್ಲಕ್ಕಿಂತ ಮೊದಲ ಮಾತು ಇದು: ಫೀಸು ತೆಗೆದುಕೊಳ್ಳುವುದಾದರೆ ಕೆಲಸ ಕೊಡುವವರಿಂದ ತೆಗೆದುಕೊಳ್ಳಿ, ಕೆಲಸ ಹುಡುಕುವವರಿಂದ ಬೇಡ. ಕಂಪೆನಿ ದುಡ್ಡು ಕೊಟ್ಟರೆ ಸರಿಯಾದ ವ್ಯಕ್ತಿಯನ್ನು ಹುಡುಕುವುದು ನಿಮ್ಮ ಹೊಟ್ಟೆಪಾಡಾಗುತ್ತದೆ. ಅಭ್ಯರ್ಥಿ ಕೊಟ್ಟರೆ ಅವನನ್ನು ಎಲ್ಲಿಗಾದರೂ ದಾಟಿಸಿಬಿಡುವುದೇ ಹೊಟ್ಟೆಪಾಡಾಗುತ್ತದೆ. ಬಾಕಿ ಎಲ್ಲ ಸಲಹೆಗಳೂ ಇದರ ಹಿಂದೆಯೇ ಬರುತ್ತವೆ.

ಗಲ್ಫ್ ಅಂದರೆ ಮೊದಲು ಕಾನೂನು

ಬೆಂಗಳೂರು, ಮಂಗಳೂರು, ಕೊಚ್ಚಿ, ಮುಂಬೈಯ ಕಂಪೆನಿಗಳಿಗೆ ಜನ ಹುಡುಕಿಕೊಡುವುದು ಬೇರೆ, ವಿದೇಶಕ್ಕೆ ಜನ ಕಳಿಸುವುದು ಬೇರೆ. ಎರಡನ್ನೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

1983ರ ವಲಸೆ ಕಾಯ್ದೆಯ 10ನೇ ಕಲಮಿನ ಪ್ರಕಾರ ಸರಕಾರದಿಂದ ನೋಂದಣಿ ಪ್ರಮಾಣಪತ್ರ ಪಡೆಯದೆ ವಿದೇಶಿ ಉದ್ಯೋಗಕ್ಕೆ ನೇಮಕಾತಿಯ ವ್ಯವಹಾರ ನಡೆಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು. ‘ನಾವು ವೀಸಾ ಕೊಡುವುದಿಲ್ಲ, ಬರೇ ಸಿವಿ ಕಳಿಸ್ತೇವೆ, ವಾಟ್ಸ್‌ಆಪ್‌ನಲ್ಲಿ ಒಂದು ಜಾಹೀರಾತು ಹಾಕ್ತೇವೆ ಅಷ್ಟೇ’ ಎಂದರೆ ನಡೆಯುವುದಿಲ್ಲ. ವಿದೇಶಿ ಕೆಲಸಕ್ಕಾಗಿ ಜಾಹೀರಾತು ಕೊಡುವುದು, ಅದರ ಬಗ್ಗೆ ಪತ್ರ ವ್ಯವಹಾರ, ಮಾತುಕತೆ ನಡೆಸುವುದು ಕೂಡ ಆ ಕಾಯ್ದೆಯ ಅರ್ಥದಲ್ಲಿ ನೇಮಕಾತಿಯೇ. ಲೈಸೆನ್ಸ್ ಇರುವ ಏಜೆನ್ಸಿಯ ‘ಸಬ್ ಏಜೆಂಟ್’ ಎಂದು ಹೇಳಿಕೊಂಡರೂ ಕಾನೂನಿನಲ್ಲಿ ಅಂಥ ಸ್ಥಾನವಿಲ್ಲ.

ಲೈಸೆನ್ಸ್ ಇರುವ ಏಜೆನ್ಸಿ ಕೂಡ ಅಭ್ಯರ್ಥಿಯಿಂದ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಅದಕ್ಕೂ ರಶೀದಿ ಕೊಡಲೇಬೇಕು. ಯುಎಇಯ 2021ರ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕಾರ್ಮಿಕನ ಮೇಲೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಹಾಕಬಾರದೆನ್ನುತ್ತದೆ. ಸೌದಿಯಲ್ಲೂ ನೇಮಕಾತಿ ಶುಲ್ಕ, ಇಕಾಮಾ ಶುಲ್ಕ ಮಾಲಕನ ಹೊಣೆ. ಹಾಗಿದ್ದರೂ ನಮ್ಮ ಊರಲ್ಲಿ ‘ವೀಸಾಕ್ಕೆ ಒಂದೂವರೆ ಲಕ್ಷ’ ಎನ್ನುವುದು ಮೀನಿನ ದರದ ಹಾಗೆ ಸಲೀಸಾಗಿ ಓಡಾಡುತ್ತದೆ. ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ನಮಗೆಲ್ಲ ಗೊತ್ತು, ಉಮ್ಮನ ಬಳೆಯಿಂದ, ಸೊಸೈಟಿಯ ಸಾಲದಿಂದ.

ಆದ್ದರಿಂದ ಲೈಸೆನ್ಸ್ ಇಲ್ಲದ ಹೊಸಬರು ದೇಶದೊಳಗಿನ ಕಂಪೆನಿಗಳಿಂದಲೇ ಶುರು ಮಾಡಿ. ಗಲ್ಫ್ ಕೆಲಸ ಕೇಳಿ ಬಂದವರಿಗೆ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆನ್ಸಿಗಳ ಪಟ್ಟಿ ನೋಡುವುದು ಹೇಗೆ ಎಂದು ತೋರಿಸಿಕೊಡಿ. ‘ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಿ’ ಎಂಬ ಸಲಹೆ ನಿಮ್ಮ ಬಾಯಿಂದ ಬರುವುದು ಬೇಡ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ನಲ್ಲಿ ಡಾಟಾ ಎಂಟ್ರಿ ಕೆಲಸ ಎಂದು ಹೋದವರನ್ನು ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಸುದ್ದಿ ಎಲ್ಲರೂ ಓದಿದ್ದೇವೆ. ಅವರಲ್ಲಿ ಎಷ್ಟೋ ಮಂದಿಗೆ ಮೊದಲ ಮೆಸೇಜ್ ಬಂದದ್ದು ಪರಿಚಯದವರಿಂದಲೇ.

ಕಂಪೆನಿಯ ಜೊತೆ ಬಾಯಿಮಾತು ಸಾಲದು

‘ನಮ್ಮವರೇ ಮಾರಾಯ್ರೆ, ಎಗ್ರಿಮೆಂಟ್ ಎಂತಕ್ಕೆ?’ ಎನ್ನುವ ಮಾಲಕರು ಸಿಗುತ್ತಾರೆ. ನಮ್ಮವರೇ ಆದ್ದರಿಂದ ಬೇಕು. ಮುಂದೆ ಜಮಾಅತಿನಲ್ಲಿ, ಮದುವೆಯಲ್ಲಿ ಮುಖ ನೋಡಬೇಕಲ್ಲ! ಎರಡು ಪುಟದ ಒಪ್ಪಂದ ಸಾಕು. ಅದರಲ್ಲಿ ಐದು ವಿಷಯ ಸ್ಪಷ್ಟವಾಗಿರಲಿ.

ಒಂದು, ಫೀಸು ಎಷ್ಟು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೇಳಿಬರುವ ದರ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ವರ್ಷಕ್ಕೆ 6 ಲಕ್ಷದ ಹುದ್ದೆಗೆ ಸುಮಾರು 50,000. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಮೇಲೆ ಶೇ. 18. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಿಲ್ಲ. ಸಂಬಳ ಅಂದರೆ ಕೈಗೆ ಸಿಗುವ ಮೊತ್ತವೋ ಪೂರ್ತಿ ಸಿಟಿಸಿಯೋ ಎನ್ನುವುದನ್ನೂ ಬರೆಸಿಕೊಳ್ಳಿ, ಜಗಳ ಆಗುವುದೇ ಅಲ್ಲಿ.

ಎರಡು, ದುಡ್ಡು ಯಾವಾಗ. ಅಭ್ಯರ್ಥಿ ಸೇರಿದ ದಿನದಿಂದಲೋ, ಬಿಲ್ ಕೊಟ್ಟ ದಿನದಿಂದಲೋ, ಎಷ್ಟು ದಿನದೊಳಗೆ ಎನ್ನುವುದು ಬೇಕು. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಖರ್ಚಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಿಗೆ ಕೊಡಬೇಕಾದ ಹಣಕ್ಕೆ ಒಪ್ಪಂದದಲ್ಲಿ ಕೂಡ 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ. ತಡವಾದರೆ ಚಕ್ರಬಡ್ಡಿ ಕೇಳುವ ಹಕ್ಕು ನಿಮಗುಂಟು. ಬಡ್ಡಿ ನಮಗೆ ಬೇಡದಿರಬಹುದು. ಆದರೆ ದೂರು ಕೊಡುವ ದಾರಿ ಇದೆ ಎಂದು ಗೊತ್ತಿದ್ದರೆ ಎಕೌಂಟ್ಸ್ ವಿಭಾಗದ ಫೋನ್ ಸ್ವಲ್ಪ ಬೇಗ ಎತ್ತುತ್ತಾರೆ.

ಮೂರು, ಸೇರಿದವರು ಬಿಟ್ಟುಹೋದರೆ ಏನು. ಅರುವತ್ತರಿಂದ ತೊಂಬತ್ತು ದಿನದೊಳಗೆ ಬಿಟ್ಟರೆ ಬದಲಿ ವ್ಯಕ್ತಿಯನ್ನು ಉಚಿತವಾಗಿ ಹುಡುಕಿಕೊಡುವುದು ವಾಡಿಕೆ. ಹಣ ವಾಪಸ್ ಎಂದು ಒಪ್ಪಿಕೊಳ್ಳಬೇಡಿ, ಬದಲಿ ಎಂದು ಬರೆಯಿರಿ. ಕಂಪೆನಿಯೇ ತೆಗೆದುಹಾಕಿದರೆ, ಹೇಳಿದ ಕೆಲಸ ಬಿಟ್ಟು ಬೇರೆ ಮಾಡಿಸಿದರೆ, ಸಂಬಳ ತಡ ಮಾಡಿದರೆ ಈ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂಬ ಸಾಲೂ ಇರಲಿ.

ನಾಲ್ಕು, ನೀವು ಕಳಿಸಿದ ಹೆಸರು ಎಷ್ಟು ಕಾಲ ನಿಮ್ಮದು. ‘ಈಗ ಬೇಡ’ ಎಂದು ಮೂರು ತಿಂಗಳ ನಂತರ ಅದೇ ವ್ಯಕ್ತಿಯನ್ನು ನೇರವಾಗಿ ಕರೆದುಕೊಳ್ಳುವುದು ನಡೆಯುತ್ತದೆ. ಆರು ತಿಂಗಳೋ ಒಂದು ವರ್ಷವೋ, ಬರೆದಿಡಿ.

ಐದು, ಅಭ್ಯರ್ಥಿಯಿಂದ ಕಂಪೆನಿಯೂ ನಾವೂ ಹಣ ಪಡೆಯುವುದಿಲ್ಲ ಎಂಬ ಒಂದು ಸಾಲು.

ಹುದ್ದೆ ಅರ್ಥವಾಗದೆ ಸಿವಿ ಕಳಿಸಬೇಡಿ

ಒಂದು ಹುದ್ದೆಗೆ ನಲ್ವತ್ತು ಸಿವಿ ಕಳಿಸುವವರನ್ನು ಕಂಪೆನಿಯವರು ರಿಕ್ರೂಟರ್ ಎನ್ನುವುದಿಲ್ಲ, ಪೋಸ್ಟ್‌ಮ್ಯಾನ್ ಎನ್ನುತ್ತಾರೆ. ನಾಲ್ಕು ಕಳಿಸಿ, ನಾಲ್ಕೂ ನೀವು ಮಾತಾಡಿಸಿದ್ದಾಗಿರಲಿ. ಅದಕ್ಕೆ ಮೊದಲು ಮಾಲಕರನ್ನೇ ಪ್ರಶ್ನೆ ಕೇಳಬೇಕು. ಹಿಂದಿನವರು ಯಾಕೆ ಬಿಟ್ಟರು? ಶಿಫ್ಟ್ ಎಷ್ಟು ಗಂಟೆ? ಪಿಎಫ್, ಇಎಸ್‌ಐ ಉಂಟಾ? ಶುಕ್ರವಾರ ಜುಮಾಕ್ಕೆ ಹೋಗಲು ಅಡ್ಡಿ ಇದೆಯಾ? ಹೆಣ್ಣುಮಕ್ಕಳಿಗಾದರೆ ರಾತ್ರಿ ಪಾಳಿ ಉಂಟಾ, ವಾಹನ ಕೊಡುತ್ತಾರಾ, ಹಿಜಾಬ್ ಹಾಕಬಹುದಾ? ಕೇಳಲು ಸಂಕೋಚ ಬೇಡ. ಇಂದು ನೀವು ಕೇಳದ ಪ್ರಶ್ನೆಯನ್ನು ನಾಳೆ ಸೇರಿದ ಹದಿನೈದನೇ ದಿನಕ್ಕೆ ಹುಡುಗಿಯ ತಂದೆ ನಿಮಗೆ ಕೇಳುತ್ತಾರೆ.

ಉತ್ತರಗಳಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಆ ಹುದ್ದೆ ಬಿಟ್ಟುಬಿಡಿ. ಸಂಬಳ ಸರಿಯಾಗಿ ಕೊಡದ ಕಂಪೆನಿ ನಿಮ್ಮ ಫೀಸನ್ನೂ ಸರಿಯಾಗಿ ಕೊಡುವುದಿಲ್ಲ.

ಅಭ್ಯರ್ಥಿ ಅಂದರೆ ಮನೆಯೊಂದರ ಲೆಕ್ಕಾಚಾರ

ಮಂಗಳೂರಿನ ಆಸ್ಪತ್ರೆಯ ಫಾರ್ಮಸಿಯಲ್ಲಿ 18,000ಕ್ಕೆ ದುಡಿಯುವ ಹುಡುಗನಿಗೆ ಬೆಂಗಳೂರಿನಲ್ಲಿ 26,000 ಎಂದು ಹೇಳುವುದು ಸುಲಭ. ಪಿಜಿ ಬಾಡಿಗೆ, ಊಟ, ಎರಡು ವಾರಕ್ಕೊಮ್ಮೆ ಊರಿಗೆ ಬಸ್ ಎಂದು ಲೆಕ್ಕ ಹಾಕಿದರೆ ಕೈಯಲ್ಲಿ ಉಳಿಯುವುದು ಮೊದಲಿಗಿಂತ ಕಡಿಮೆಯಾಗಬಹುದು. ಆ ಲೆಕ್ಕವನ್ನು ಅವನ ಎದುರೇ ಕಾಗದದ ಮೇಲೆ ಹಾಕಿ ತೋರಿಸಿ. ಆಮೇಲೂ ಹೋಗುತ್ತೇನೆ ಎಂದರೆ ಅವನು ನಿಲ್ಲುತ್ತಾನೆ. ಲೆಕ್ಕ ಮುಚ್ಚಿಟ್ಟು ಕಳಿಸಿದವನು ಎರಡನೇ ತಿಂಗಳಲ್ಲಿ ವಾಪಸ್ ಬರುತ್ತಾನೆ, ನಿಮ್ಮ ಬದಲಿ ಗ್ಯಾರಂಟಿ ಆಗ ನಿಮ್ಮ ತಲೆಗೇ ಬರುತ್ತದೆ.

ಕೇಳದೆ ಯಾರ ಸಿವಿಯನ್ನೂ ಎಲ್ಲಿಗೂ ಕಳಿಸಬೇಡಿ. ಈಗಿರುವ ಕಂಪೆನಿಗೇ ಅದು ತಲುಪಿಬಿಟ್ಟರೆ ಇದ್ದ ಕೆಲಸವೂ ಹೋದೀತು. ‘ಈ ಕಂಪೆನಿಯ ಈ ಹುದ್ದೆಗೆ ಕಳಿಸಲಾ?’ ಎಂದು ಮೆಸೇಜ್ ಹಾಕಿ, ‘ಆಯಿತು’ ಎಂಬ ಉತ್ತರ ಬಂದ ಮೇಲೆ ಕಳಿಸಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಆಧಾರ್ ಪ್ರತಿ, ಅಂಕಪಟ್ಟಿಗಳನ್ನು ವಾಟ್ಸ್‌ಆಪ್ ಗುಂಪುಗಳಲ್ಲಿ ಹಂಚುವುದು ಬೇಡವೇ ಬೇಡ. ಯಾರ ಮೂಲ ದಾಖಲೆಯನ್ನೂ ಇಟ್ಟುಕೊಳ್ಳಬೇಡಿ. ಪಾಸ್‌ಪೋರ್ಟ್ ಅಂತೂ ಕಾನೂನಿನ ಪ್ರಕಾರ ಕೇಂದ್ರ ಸರಕಾರದ ಆಸ್ತಿ, ನಮ್ಮ ಡ್ರಾಯರ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಸಿವಿಯಲ್ಲಿ ಅನುಭವ ಹೆಚ್ಚಿಸಿ ಬರೆಯಲು ಹೇಳಿಕೊಡಬೇಡಿ. ಇದ್ದದ್ದನ್ನು ಚೆನ್ನಾಗಿ ಬರೆಯಲು ಕಲಿಸಿ. ನಮ್ಮ ಹುಡುಗರಿಗೆ ಬ್ಯಾರಿ, ಕನ್ನಡ, ತುಳು, ಮಲಯಾಳಂ, ಉರ್ದು, ಹಿಂದಿ ಎಂದು ಐದಾರು ಭಾಷೆ ಬಾಯಲ್ಲೇ ಇರುತ್ತದೆ, ಸಿವಿಯಲ್ಲಿ ನೋಡಿದರೆ ಇಂಗ್ಲಿಷ್ ಒಂದೇ!

ಆಯ್ಕೆಯಾಗದಿದ್ದರೆ ಅದನ್ನೂ ಹೇಳಿ. ಫೋನ್ ಎತ್ತದೆ ಕೂರುವುದು ನಮ್ಮ ವೃತ್ತಿಯ ದೊಡ್ಡ ರೋಗ. ‘ಈ ಸಲ ಆಗಲಿಲ್ಲ, ಕಾರಣ ಇದು’ ಎಂಬ ಎರಡು ಸಾಲಿಗೆ ಒಂದು ನಿಮಿಷ ಸಾಕು. ಆ ಹುಡುಗ ನಾಳೆ ತನ್ನ ಗೆಳೆಯನನ್ನು ನಿಮ್ಮ ಹತ್ತಿರ ಕಳಿಸುತ್ತಾನೆ.

ಆಫರ್ ಬಂದ ಮೇಲೆ ಅರ್ಧ ಕೆಲಸ

ಆಫರ್ ಲೆಟರ್ ಬಂದ ಕೂಡಲೇ ಬಿಲ್ ಬರೆಯಲು ಕೂರಬೇಡಿ. ನೋಟಿಸ್ ಅವಧಿಯ ಒಂದೋ ಎರಡೋ ತಿಂಗಳಲ್ಲಿ ಮನಸ್ಸು ಬದಲಾಗುತ್ತದೆ. ಹಳೆಯ ಕಂಪೆನಿ ಸಂಬಳ ಏರಿಸಬಹುದು, ದುಬೈಯಿಂದ ಭಾವನ ಫೋನ್ ಬರಬಹುದು. ವಾರಕ್ಕೊಮ್ಮೆ ಮಾತಾಡಿ. ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡ ಎಂದು ಸ್ಪಷ್ಟವಾಗಿ ಹೇಳಿ. ಬಂದ ಪತ್ರವನ್ನು ಒಟ್ಟಿಗೆ ಕೂತು ಓದಿ: ಮೂಲ ವೇತನ ಎಷ್ಟು, ಪ್ರೊಬೇಷನ್ ಎಷ್ಟು, ಬಾಂಡ್ ಇದೆಯಾ.

ನೋಂದಾಯಿತ ಏಜೆನ್ಸಿಯ ಮೂಲಕ ಗಲ್ಫ್‌ಗೆ ಹೊರಟವರು ಪತ್ರ ತಂದು ತೋರಿಸಿದರೂ ಹೀಗೆಯೇ ಓದಿ ಹೇಳಿ. ಉದಾಹರಣೆಗೆ ಕತಾರ್‌ನಲ್ಲಿ 2021ರಿಂದ ಕನಿಷ್ಠ ಮೂಲ ವೇತನ 1,000 ರಿಯಾಲ್. ಮಾಲಕ ವಸತಿ ಕೊಡದಿದ್ದರೆ ಇನ್ನೂ 500, ಊಟ ಕೊಡದಿದ್ದರೆ 300. ಪತ್ರದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ವಿಮಾನ ಹತ್ತುವ ಮೊದಲೇ ಕೇಳಬೇಕು. ಇಷ್ಟು ಓದಿ ಹೇಳಲು ಲೈಸೆನ್ಸೂ ಬೇಡ, ಫೀಸೂ ಬೇಡ.

ಸಂಬಂಧಿಕರು ಬಂದಾಗ

‘ಮೋನೆ, ನಮ್ಮ ಹುಡುಗನಿಗೆ ಎಲ್ಲಿಯಾದರೂ ಹಾಕು’ ಎಂದು ಕಾಕ ಕೇಳಿದಾಗ ಇಲ್ಲ ಎನ್ನುವುದು ಕಷ್ಟ. ಹಾಗೆಂದು ಅರ್ಹತೆ ಇಲ್ಲದವನನ್ನು ನೂಕಿದರೆ ಕಂಪೆನಿ ಹೋಗುತ್ತದೆ, ಅದರೊಂದಿಗೆ ಮುಂದಿನ ಹತ್ತು ಹುಡುಗರ ಅವಕಾಶವೂ ಹೋಗುತ್ತದೆ. ‘ಇಲ್ಲ’ ಎಂಬಲ್ಲಿಗೆ ನಿಲ್ಲಿಸಬೇಡಿ. ಯಾವ ಕೋರ್ಸ್ ಮಾಡಿದರೆ, ಟ್ಯಾಲಿಯೋ ಎಕ್ಸೆಲ್ಲೋ ಇನ್ನೇನೋ ಕಲಿತರೆ, ಎಷ್ಟು ತಿಂಗಳಲ್ಲಿ ಅವನು ತಯಾರಾಗುತ್ತಾನೆ ಎಂದು ಹೇಳಿ. ಕಾಕನಿಗೆ ಅಂದು ಬೇಸರವಾದೀತು, ಹುಡುಗನಿಗೆ ದಾರಿ ಸಿಕ್ಕೀತು.

ಕೆಲಸ ಆದ ಮೇಲೆ ಕೆಲವರು ಖುಷಿಯಿಂದ ಕವರ್ ಹಿಡಿದುಕೊಂಡು ಬರುತ್ತಾರೆ. ‘ಸಂತೋಷಕ್ಕೆ ಕೊಡ್ತಾ ಇರೋದು, ಇಟ್ಕೊಳ್ಳಿ’ ಎನ್ನುತ್ತಾರೆ. ಅದನ್ನೂ ವಾಪಸ್ ಕೊಡಿ. ಇಂದಿನ ಸಂತೋಷದ ಕವರ್ ನಾಳೆ ದರವಾಗುತ್ತದೆ, ನಾಡಿದ್ದು ಅದು ಇಲ್ಲದವನು ನಿಮ್ಮ ಹತ್ತಿರ ಬರಲು ಹೆದರುತ್ತಾನೆ. ಅವರಿಗೆ ಕೊಡಲೇಬೇಕು ಅನ್ನಿಸಿದರೆ ಕೆಲಸವಿಲ್ಲದ ಇನ್ನೊಬ್ಬ ಹುಡುಗನ ಕೋರ್ಸ್ ಫೀಸು ಕಟ್ಟಲಿ.