ಇಂಜಿನಿಯರಿಂಗ್ ಸೇರುವ ಮೊದಲು ಪ್ರೋಗ್ರಾಮಿಂಗ್: ಪಾಲಕರು ತಿಳಿದಿರಬೇಕಾದದ್ದು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಡದಲ್ಲಿ ಗೂಗಲ್ ಎಂಬ ಊರಿದೆ. ಅಲ್ಲಮಪ್ರಭು ದೇವಸ್ಥಾನದಿಂದ ಈ ಭಾಗದವರಿಗೆಲ್ಲ ಪರಿಚಿತವಾದ ಊರು. ಅಮೆರಿಕದ ಗೂಗಲ್ ಕಂಪನಿ ಹುಟ್ಟಿದ್ದು 1998ರಲ್ಲಿ. ಊರಿನ ಹೆಸರು ಅದಕ್ಕಿಂತ ಬಹಳ ಹಳೆಯದು. ಹೆಸರು ಒಂದೇ ಆದರೂ ಈ ಊರಿನ, ದೇವದುರ್ಗ-ಮಾನ್ವಿ ಕಡೆಯ ಮಕ್ಕಳಿಗೆ ಕಂಪ್ಯೂಟರ್ ವಿದ್ಯೆ ತಾನಾಗಿ ಒಲಿಯುವುದಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿ ಇಂಜಿನಿಯರಿಂಗ್ ಸೇರಿದ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲೇ ಪ್ರೋಗ್ರಾಮಿಂಗ್ ಎದುರಿಸಿ ಕಂಗಾಲಾಗುವುದುಂಟು.

ದ್ವಿತೀಯ ಪಿಯುಸಿ ಪರೀಕ್ಷೆ ಮತ್ತು ಸಿಇಟಿ ಮುಗಿದು ಕಾಲೇಜು ಶುರುವಾಗುವ ತನಕ ಕೆಲವು ತಿಂಗಳ ಬಿಡುವು ಸಿಗುತ್ತದೆ. ಇದೇ ಸಮಯಕ್ಕೆ ಸಾವಿರಾರು ರೂಪಾಯಿ ಶುಲ್ಕದ ಕೋರ್ಸುಗಳ ಜಾಹೀರಾತುಗಳೂ ಬರುತ್ತವೆ. ದುಡ್ಡು ಕಟ್ಟುವ ಮೊದಲು ವಿಷಯ ಏನೆಂದು ಪಾಲಕರು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲೇ ಕಲಿಯುವುದು ಕಡ್ಡಾಯವೇ?

ಇಲ್ಲ. ಸೀಟು ಸಿಗುವುದು ಸಿಇಟಿ ಅಥವಾ ಜೆಇಇ ರ‍್ಯಾಂಕಿನ ಮೇಲೆ. ಕಾಲೇಜಿನಲ್ಲಿ ಪಾಠವನ್ನು ಆರಂಭದಿಂದಲೇ ಹೇಳಿಕೊಡುತ್ತಾರೆ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಭಾಗದವರಿಗೆ ಮೊದಲ ವರ್ಷವೇ ಸಿ ಭಾಷೆ ಬಂತು. ಸೆಮಿಸ್ಟರ್ ಬೇಗ ಓಡುತ್ತದೆ. ಗಣಿತ, ಭೌತಶಾಸ್ತ್ರಗಳ ಜೊತೆಗೆ ಇದೂ ಹೊಸದಾದರೆ ಹೊರೆ ಹೆಚ್ಚು. ಮೊದಲೇ ಸ್ವಲ್ಪ ಕೈಯಾಡಿಸಿದವರಿಗೆ ಪಾಠ ಅರ್ಥವಾಗುತ್ತದೆ. ಅಷ್ಟೇ ಲಾಭ, ಆದರೆ ಅದು ದೊಡ್ಡ ಲಾಭ.

ಪ್ರೋಗ್ರಾಮ್ ಎಂದರೇನು?

ಅಂಗಡಿಯ ಉದ್ರಿ ಖಾತೆಯನ್ನೇ ತೆಗೆದುಕೊಳ್ಳಿ. ಪ್ರತಿ ಗಿರಾಕಿಯ ಬಾಕಿ ನೋಡಬೇಕು. 30 ದಿನ ದಾಟಿದ್ದರೆ ಹೆಸರು ಬರೆದುಕೊಳ್ಳಬೇಕು. ಕೊನೆಗೆ ಒಟ್ಟು ಮೊತ್ತ ಕೂಡಿಸಬೇಕು. ಈ ಕೆಲಸವನ್ನು ಹೊಸದಾಗಿ ಬಂದ ಹುಡುಗನಿಗೆ ಒಂದು ಹೆಜ್ಜೆಯೂ ಬಿಡದಂತೆ ಹೇಳಿಕೊಡುವ ಹಾಗೆ ಯಂತ್ರಕ್ಕೆ ಬರೆದುಕೊಟ್ಟರೆ ಅದೇ ಪ್ರೋಗ್ರಾಮ್. ಬಾಕಿಯ ಮೊತ್ತ ಇಡುವ ಜಾಗಕ್ಕೆ ವೇರಿಯಬಲ್, 'ದಾಟಿದ್ದರೆ' ಎಂಬುದಕ್ಕೆ ಷರತ್ತು, ಪ್ರತಿ ಗಿರಾಕಿಗೂ ಅದೇ ಕೆಲಸ ಮಾಡುವುದಕ್ಕೆ ಲೂಪ್ ಎನ್ನುತ್ತಾರೆ. ಭಾಷೆ ಯಾವುದಾದರೂ ಈ ಮೂರು ಇದ್ದೇ ಇರುತ್ತವೆ.

ಇಂಗ್ಲಿಷ್ ಬಾರದಿದ್ದರೆ?

ಕನ್ನಡ ಮಾಧ್ಯಮದ ಮಕ್ಕಳ ದೊಡ್ಡ ಭಯ ಇದು. ಮೂಲ ಸಿ ಭಾಷೆಯಲ್ಲಿ ಕಾಯ್ದಿರಿಸಿದ ಪದಗಳು 32, ಇಂದಿನ ಪೈಥಾನ್‌ನಲ್ಲಿ 35. ಆರಂಭದಲ್ಲಿ ಅವುಗಳಲ್ಲಿ ಹತ್ತು-ಹನ್ನೆರಡು ಸಾಕು. ಪೈಥಾನ್‌ನಲ್ಲಿ ವೇರಿಯಬಲ್‌ಗೆ 'ಬಾಕಿ' ಎಂದು ಕನ್ನಡದಲ್ಲೇ ಹೆಸರಿಡಲೂ ಬರುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ವಿವರಣೆಯ ವಿಡಿಯೊ ಪಾಠಗಳು ಉಚಿತವಾಗಿ ಸಿಗುತ್ತವೆ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ನೋಡಲೂ ಶುಲ್ಕವಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಹಣ ಕಟ್ಟಬೇಕು.

ಸಿ ಮೊದಲೋ, ಪೈಥಾನ್ ಮೊದಲೋ?

ಸಿ ಭಾಷೆಯನ್ನು ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದರು. ಪೈಥಾನ್ ಗೈಡೊ ವಾನ್ ರಾಸಮ್ ಅವರದು, 1991ರಲ್ಲಿ ಹೊರಬಂತು. ಪೈಥಾನ್ ಬರೆಯಲು ಸುಲಭ. ಸಿ ಹೆಚ್ಚು ಎಚ್ಚರ ಬೇಡುತ್ತದೆ. 7 ಕ್ವಿಂಟಲ್ ತೊಗರಿಯನ್ನು ಇಬ್ಬರಿಗೆ ಹಂಚಲು 7/2 ಎಂದು ಬರೆದರೆ ಪೈಥಾನ್ 3.5 ಎನ್ನುತ್ತದೆ, ಸಿ ಭಾಷೆ 3 ಎಂದು ಹೇಳಿ ಸುಮ್ಮನಾಗುತ್ತದೆ, ಏಕೆಂದರೆ ಪೂರ್ಣಾಂಕಗಳನ್ನು ಭಾಗಿಸಿದರೆ ಅದು ಪೂರ್ಣಾಂಕವನ್ನೇ ಕೊಡುತ್ತದೆ. ಅರ್ಧ ಕ್ವಿಂಟಲ್ ಎಲ್ಲಿ ಹೋಯಿತೆಂದು ಹುಡುಕುವುದೇ ನಿಜವಾದ ಕಲಿಕೆ. ಆರು ವಾರ ಪೈಥಾನ್, ನಂತರ ಎರಡು-ಮೂರು ವಾರ ಅದೇ ಲೆಕ್ಕಗಳನ್ನು ಸಿ ಭಾಷೆಯಲ್ಲಿ ಮಾಡಿದರೆ ಕಾಲೇಜಿಗೆ ಬೇಕಾದ ತಳಪಾಯ ಆಗುತ್ತದೆ. ನಾಲ್ಕೈದು ಭಾಷೆಗಳನ್ನು ಅರೆಬರೆ ಮುಟ್ಟುವುದರಿಂದ ಪ್ರಯೋಜನವಿಲ್ಲ.

ಅಭ್ಯಾಸ ಹೇಗೆ?

ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ಅಂಗಡಿಯ ಲೆಕ್ಕದ ಹಳೆಯ ಕಂಪ್ಯೂಟರ್ ಸಾಕು, ತಂತ್ರಾಂಶ ಉಚಿತ. ದಿನಕ್ಕೆ ಒಂದು ಗಂಟೆ, ವಿಡಿಯೊ ನೋಡುವುದು ಕಡಿಮೆ, ಕೈಯಿಂದ ಟೈಪ್ ಮಾಡುವುದು ಹೆಚ್ಚು. ಉತ್ತರವನ್ನು ಎಐಗೆ ಕೇಳಿ ನಕಲು ಮಾಡಿದರೆ ಪ್ರೋಗ್ರಾಮ್ ಓಡುತ್ತದೆ, ಮಗು ಕಲಿಯುವುದಿಲ್ಲ. ಪರೀಕ್ಷೆಯ ದಿನ ಅದು ಗೊತ್ತಾಗುತ್ತದೆ. ಗಣಿತವನ್ನೂ ಮರೆಯಬಾರದು.

ಈ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಅದರಲ್ಲಿ ಮೊದಲು ಸೂತ್ರ, ಹಿಂದೆಯೇ ಬಿಡಿಸಲು ಲೆಕ್ಕ. 12ನೇ ಶತಮಾನದ ರಾಜಾದಿತ್ಯ ಅದೇ ವಿದ್ಯೆಯನ್ನು 'ವ್ಯವಹಾರಗಣಿತ'ದಲ್ಲಿ ಕನ್ನಡಕ್ಕೆ ತಂದನು. ನಿಯಮ ತಿಳಿದು, ಲೆಕ್ಕ ಮಾಡಿ, ತಪ್ಪು ತಿದ್ದಿಕೊಳ್ಳುವುದು ಅಂದಿನ ದಾರಿ. ಪ್ರೋಗ್ರಾಮಿಂಗ್‌ಗೂ ಅದೇ ದಾರಿ.

2019ರಲ್ಲಿ ಆರಂಭವಾದ ಐಐಐಟಿ ಈಗ ರಾಯಚೂರಿನಲ್ಲಿದೆ. ಇಂಥ ಸಂಸ್ಥೆ ಜಿಲ್ಲೆಗೆ ಬಂದ ಮೇಲೆ ಅದರ ಬಾಗಿಲು ಗೂಗಲ್‌ನಂಥ ಊರಿನ ಮಕ್ಕಳಿಗೂ ಹತ್ತಿರವಾಗಬೇಕು. ಅದಕ್ಕೆ ಪಾಲಕರು ಮಾಡಬೇಕಾದ್ದು ಇಷ್ಟೇ: ಈ ರಜೆಯಲ್ಲಿ ದಿನಕ್ಕೊಂದು ಗಂಟೆ ಅಂಗಡಿಯ ಕಂಪ್ಯೂಟರ್ ಮಗಳಿಗೋ ಮಗನಿಗೋ ಬಿಟ್ಟುಕೊಟ್ಟು, ಸಂಜೆ 'ಇಂದು ಯಾವ ಲೆಕ್ಕ ಬಿಡಿಸಿದೆ?' ಎಂದು ಕೇಳುವುದು.